ಸೋಡಿಯಂ ಎಲೆಕ್ಟ್ರಾನನ್ನು ಖುಷಿಯಿಂದ ಕೊಡುತ್ತದೆಯೇ? ಮಗನ ಪ್ರಶ್ನೆಗೆ ಉತ್ತರ ಬೇಕು

ಬೆಣ್ಣೆದೋಸೆ | ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಗ ಹತ್ತನೇ ತರಗತಿ. ನಾನು ಓದಿದ್ದು ಬಿ.ಕಾಂ., ಆದರೂ ಸಂಜೆ ಪಾಠ ಒಪ್ಪಿಸಿಕೊಳ್ಳುವ ಕೆಲಸ ನನ್ನದೇ. ನಿನ್ನೆ ಲೋಹ ಮತ್ತು ಅಲೋಹಗಳ ಪಾಠ. ಸೋಡಿಯಂನ ಹೊರಕವಚದಲ್ಲಿ ಒಂದು ಎಲೆಕ್ಟ್ರಾನ್ ಹೆಚ್ಚಿದೆ, ಕ್ಲೋರಿನ್‌ಗೆ ಒಂದು ಕಡಿಮೆಯಿದೆ. ಇದು ಕೊಡುತ್ತದೆ, ಅದು ತೆಗೆದುಕೊಳ್ಳುತ್ತದೆ, ಇಬ್ಬರೂ ಸುಖಿಗಳು, ಉಪ್ಪು ತಯಾರು. ಜಮಾ-ಖರ್ಚಿನ ಪುಸ್ತಕದಂತೆ ಕಂಡು ನನಗೆ ಬಹಳ ಹಿಡಿಸಿತು.

ಇವನು ಅಕ್ಕನ ಪಿಯುಸಿ ಪುಸ್ತಕದಲ್ಲಿದ್ದ ಕೋಷ್ಟಕವನ್ನು ತೆರೆದು ತಂದ. "ಅಮ್ಮ, ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲು ಮೋಲ್‌ಗೆ, ಅಂದರೆ 23 ಗ್ರಾಂ ಸೋಡಿಯಂಗೆ, 496 ಕಿಲೋಜೂಲ್ ಖರ್ಚಾಗುತ್ತದೆ. ಅದನ್ನು ಕ್ಲೋರಿನ್ ತೆಗೆದುಕೊಂಡಾಗ ಹಿಂತಿರುಗಿ ಬರುವುದು 349 ಮಾತ್ರ. 147 ನಷ್ಟ. ನಷ್ಟದ ವ್ಯಾಪಾರವನ್ನು ಯಾರಾದರೂ ಖುಷಿಯಿಂದ ಮಾಡುತ್ತಾರೆಯೇ?"

ಎರಡು ಸಲ ಕೂಡಿ ಕಳೆದು ನೋಡಿದೆ. ಅವನ ಲೆಕ್ಕ ಸರಿಯಿದೆ. ಏನು ಹೇಳಲಿ?

ಪರೀಕ್ಷೆಮುಖ್ಯ | ಸೋಮವಾರ, ರಾತ್ರಿ 10:05

ಮೇಡಂ, ಹತ್ತನೇ ತರಗತಿಗೆ ಇದು ಬೇಕಾಗಿಲ್ಲ. ಎರಡು ವೃತ್ತ ಬರೆದು, ಬಾಣ ಹಾಕಿ, ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್ ತುಂಬಿ ಅಷ್ಟಕ ಪೂರ್ಣವಾಯಿತು ಎಂದು ಬರೆದರೆ ಪೂರ್ತಿ ಅಂಕ. ಹೆಚ್ಚು ಕೆದಕಿದರೆ ಮಗು ಗೊಂದಲಕ್ಕೆ ಬೀಳುತ್ತದೆ.

ಸೀಮೆಸುಣ್ಣ | ಮಂಗಳವಾರ, ಬೆಳಗ್ಗೆ 6:15

ಮಗು ಗೊಂದಲಕ್ಕೆ ಬಿದ್ದಿಲ್ಲ ಸ್ವಾಮಿ, ಗೊಂದಲ ನಮ್ಮ ಪಾಠದಲ್ಲಿದೆ. ಮೂವತ್ತೊಂದು ವರ್ಷ ಈ ಪಾಠ ಮಾಡಿದವನು ನಾನು. ಕರಿಹಲಗೆಯ ಮೇಲೆ ಅದೇ ಎರಡು ವೃತ್ತ, ಅದೇ ಬಾಣ. "ಸೋಡಿಯಂ ದಾನಶೂರ ಕರ್ಣ" ಎಂದು ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ. ಯಾರೂ ಲೆಕ್ಕ ಕೇಳಲಿಲ್ಲ, ಏಕೆಂದರೆ ಕೇಳದ ಹಾಗೆ ನಾನು ಪಾಠ ಮಾಡುತ್ತಿದ್ದೆ. ಕರ್ಣ ಕವಚವನ್ನು ಕೊಟ್ಟದ್ದಾದರೂ ಮೈಯಿಂದ ಕೊಯ್ದು. ಸುಲಭವಾಗಿ ಬಿಚ್ಚಿ ಕೊಡಲಿಲ್ಲ. ಅಷ್ಟರ ಮಟ್ಟಿಗೆ ಮಾತ್ರ ನನ್ನ ಹೋಲಿಕೆ ಸರಿ.

ತಾಯಿ, ನಿಮ್ಮ ಮಗ ಹೇಳಿದ್ದಕ್ಕಿಂತ ನಷ್ಟ ಇನ್ನೂ ದೊಡ್ಡದು. 496 ಎಂಬುದು ಬಿಡಿಬಿಡಿಯಾಗಿ ತೇಲುವ ಸೋಡಿಯಂ ಪರಮಾಣುಗಳ ಲೆಕ್ಕ. ನಮ್ಮ ಕೈಗೆ ಸಿಗುವುದು ಗಟ್ಟಿ ಲೋಹ. ಅದನ್ನು ಬಿಡಿ ಪರಮಾಣುಗಳಾಗಿ ಎಬ್ಬಿಸಲು 107. ಕ್ಲೋರಿನ್ ಕೂಡ ಜೋಡಿಜೋಡಿಯಾಗಿ ಇರುವ ಅನಿಲ. ಜೋಡಿ ಮುರಿದು ನಮಗೆ ಬೇಕಾದಷ್ಟನ್ನು ಪಡೆಯಲು 121. ಒಟ್ಟು ಖರ್ಚು 724. ಕ್ಲೋರಿನ್ ಕೊಟ್ಟ 349 ಕಳೆದರೆ 375 ಕಿಲೋಜೂಲ್ ಸಾಲ. ಇಲ್ಲಿಗೇ ನಿಲ್ಲಿಸಿದರೆ ಜಗತ್ತಿನಲ್ಲಿ ಉಪ್ಪೇ ಇರುತ್ತಿರಲಿಲ್ಲ.

ಸಾಲ ತೀರಿಸುವುದು ಹರಳು. ಎಲೆಕ್ಟ್ರಾನ್ ಕಳೆದುಕೊಂಡ ಒಂದು ಧನ ಅಯಾನು, ಅದನ್ನು ಪಡೆದ ಒಂದು ಋಣ ಅಯಾನು ಜೋಡಿಯಾಗಿ ನಿಂತಂತೆ ನಾವು ಚಿತ್ರ ಬರೆಯುತ್ತೇವಲ್ಲ, ಉಪ್ಪಿನಲ್ಲಿ ಅಂಥ ಜೋಡಿಯೇ ಇಲ್ಲ. ಒಂದೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ. ವಿರುದ್ಧ ಆವೇಶಗಳು ಹತ್ತಿರ, ಸಮಾನ ಆವೇಶಗಳು ಒಂದು ಹೆಜ್ಜೆ ದೂರ. ದೂರದ ವಿಕರ್ಷಣೆಯನ್ನೆಲ್ಲ ಕಳೆದ ಮೇಲೂ, ಅಷ್ಟೇ ಅಂತರದಲ್ಲಿ ನಿಂತ ಒಂಟಿ ಜೋಡಿಗಿಂತ ಸುಮಾರು 1.75 ಪಟ್ಟು ಸೆಳೆತ ಉಳಿಯುತ್ತದೆ. ಅಯಾನುಗಳು ಹೀಗೆ ಒತ್ತಾಗಿ ಜೋಡಣೆಯಾದಾಗ ಬಿಡುಗಡೆಯಾಗುವ ಶಕ್ತಿ ಮೋಲ್‌ಗೆ 787 ಕಿಲೋಜೂಲ್. ಇದಕ್ಕೆ ಜಾಲಕ ಶಕ್ತಿ ಎಂದು ಹೆಸರು.

ಬೆಣ್ಣೆದೋಸೆ | ಮಂಗಳವಾರ, ಬೆಳಗ್ಗೆ 7:30

ಮೇಷ್ಟರೇ, ಒಗ್ಗರಣೆ ಹಾಕುತ್ತಲೇ ಲೆಕ್ಕ ಮಾಡಿದೆ. ಆದಾಯ 787, ಸಾಲ 375, ಉಳಿದದ್ದು ಸುಮಾರು 411 ಅಥವಾ 412. ಇದೇ ಲಾಭವೇ?

ಸೀಮೆಸುಣ್ಣ | ಮಂಗಳವಾರ, ಬೆಳಗ್ಗೆ 8:02

ಅದೇ ಲಾಭ. ಪ್ರಯೋಗಾಲಯದಲ್ಲಿ ನೇರವಾಗಿ ಅಳೆದರೂ 411 ಬರುತ್ತದೆ. 23 ಗ್ರಾಂ ಸೋಡಿಯಂ, 35.5 ಗ್ರಾಂ ಕ್ಲೋರಿನ್ ಸೇರಿ 58.5 ಗ್ರಾಂ ಉಪ್ಪಾದಾಗ ಹೊರಬರುವ ಶಾಖ ಅಷ್ಟು. ನಾಲ್ಕೈದು ದೊಡ್ಡ ಚಮಚ ಉಪ್ಪು ಎನ್ನಿ. ಅಷ್ಟು ಶಾಖದಿಂದ ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಕ್ಲೋರಿನ್‌ನಲ್ಲಿ ಸೋಡಿಯಂ ಉರಿಯುವಾಗ ಹಳದಿ ಜ್ವಾಲೆ ಏಕೆ ಹಾಗೆ ಧಗಧಗಿಸುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿತಲ್ಲ.

ಈ ಜಮಾ-ಖರ್ಚಿನ ವಿಧಾನವನ್ನು 1919ರಲ್ಲಿ ಮ್ಯಾಕ್ಸ್ ಬಾರ್ನ್ ಮತ್ತು ಫ್ರಿಟ್ಜ್ ಹೇಬರ್ ರೂಪಿಸಿದರು. ಹೇಬರ್ ಎಂದರೆ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ದಾರಿ ತೋರಿಸಿ ಗೊಬ್ಬರಕ್ಕೆ ಕಾರಣನಾದವನು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಕ್ಲೋರಿನ್ ಅನಿಲವನ್ನು ಶತ್ರುಗಳ ಕಂದಕದ ಕಡೆ ಹರಿಯಬಿಡುವ ಕೆಲಸದ ಉಸ್ತುವಾರಿಯೂ ಅವನದೇ. ನಾಲ್ಕು ವರ್ಷಗಳ ನಂತರ ಅದೇ ಕ್ಲೋರಿನ್ ಉಪ್ಪಿನೊಳಗೆ ಏಕೆ ಸಾಧುವಾಗಿ ಕುಳಿತಿರುತ್ತದೆ ಎಂಬ ಲೆಕ್ಕದಲ್ಲಿ ಅವನ ಹೆಸರು. ಇದನ್ನು ತರಗತಿಯಲ್ಲಿ ಹೇಳುವಾಗ ಪ್ರತಿ ವರ್ಷವೂ ಒಂದು ಕ್ಷಣ ಮಾತು ನಿಲ್ಲುತ್ತಿತ್ತು.

ಹಳಿಪಕ್ಕ | ಮಂಗಳವಾರ, ಮಧ್ಯಾಹ್ನ 1:20

ಜೋಡಿಯೇ ಇಲ್ಲ ಎಂದರೆ ಏನು ಮೇಷ್ಟರೇ? ಸೋಡಿಯಂ ಕ್ಲೋರೈಡ್ ಅಣು ಎಂದು ನಾವೆಲ್ಲ ಬರೆದೇ ಪಾಸಾಗಿದ್ದೇವೆ.

ಸೀಮೆಸುಣ್ಣ | ಮಂಗಳವಾರ, ಮಧ್ಯಾಹ್ನ 3:45

ನಾವೂ ಬರೆದೇ ಪಾಸಾದವರು. ಆದರೆ 1913ರಲ್ಲಿ, ಇಪ್ಪತ್ಮೂರರ ಹುಡುಗ ಲಾರೆನ್ಸ್ ಬ್ರ್ಯಾಗ್ ಎಕ್ಸ್ ಕಿರಣಗಳಿಂದ ಉಪ್ಪಿನ ಹರಳಿನ ಒಳರಚನೆಯನ್ನು ಬಿಡಿಸಿ ಇಟ್ಟ. ಚದುರಂಗದ ಮಣೆಯ ಹಾಗೆ ಸೋಡಿಯಂ, ಕ್ಲೋರಿನ್, ಸೋಡಿಯಂ, ಕ್ಲೋರಿನ್. "ಇವರಿಬ್ಬರು ಒಂದು ಜೋಡಿ" ಎಂದು ಗುರುತಿಸಲು ಸಾಧ್ಯವೇ ಇಲ್ಲ. ಮರುವರ್ಷವೇ ಎಲ್ಲರೂ ಒಪ್ಪಿಬಿಟ್ಟರು ಎಂದುಕೊಳ್ಳಬೇಡಿ. 1927ರಲ್ಲೂ ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಎಂಬತ್ತರ ಹೊಸ್ತಿಲಿನ ರಸಾಯನಶಾಸ್ತ್ರಜ್ಞರು ನೇಚರ್ ಪತ್ರಿಕೆಗೆ ಕಾಗದ ಬರೆದು, ಬಡಪಾಯಿ ಉಪ್ಪಿಗೆ ಇಂಥ ಅವಮಾನವೇ ಎಂಬ ಧಾಟಿಯಲ್ಲಿ ಸಿಡಿಮಿಡಿಗೊಂಡರು. ಅಣುವಿಲ್ಲದ ಉಪ್ಪು ಅವರ ಪಾಲಿಗೆ ಆಟದ ನಿಯಮ ಮುರಿದ ಹಾಗೆ.

ಸೂತ್ರದಲ್ಲಿ ನಾವು ಬರೆಯುವುದು ಲೆಕ್ಕದ ಅನುಪಾತ ಮಾತ್ರ. ಒಂದಕ್ಕೆ ಒಂದು, ಅಷ್ಟೇ. ಊರಿನಲ್ಲಿ ಗಂಡಸರು, ಹೆಂಗಸರು ಸಮಸಂಖ್ಯೆಯಲ್ಲಿದ್ದಾರೆ ಎಂದರೆ ಎಲ್ಲರೂ ದಂಪತಿಗಳು ಎಂದಲ್ಲವಲ್ಲ.

ಬೆಣ್ಣೆದೋಸೆ | ಮಂಗಳವಾರ, ರಾತ್ರಿ 9:10

ಇದನ್ನೆಲ್ಲ ಹೇಳಿದೆ. ಮಗ ಐದು ನಿಮಿಷ ಸುಮ್ಮನಿದ್ದ. ನಂತರ ಬಂದ ಪ್ರಶ್ನೆ: "ಹರಳು ಅಷ್ಟು ದುಡ್ಡು ಕೊಡುವುದಾದರೆ ಸೋಡಿಯಂ ಇನ್ನೊಂದು ಎಲೆಕ್ಟ್ರಾನನ್ನೂ ಏಕೆ ಕೊಡಬಾರದು? ಎರಡು ಆವೇಶವಿದ್ದರೆ ಸೆಳೆತ ಇನ್ನೂ ಹೆಚ್ಚು, ಲಾಭವೂ ಹೆಚ್ಚು." ನಾನು ಅಕ್ಕಿ ತೊಳೆಯಲು ಹೋದೆ.

ಮೂರನೇಮಹಡಿ | ಮಂಗಳವಾರ, ರಾತ್ರಿ 10:30

ಮೇಷ್ಟರು ಮಲಗಿರಬಹುದು, ನಾನು ಹೇಳುತ್ತೇನೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಈಗ ಬಣ್ಣದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸದಲ್ಲಿದ್ದೇನೆ.

ಆವೇಶ ಹೆಚ್ಚಾದರೆ ಹರಳಿನ ಆದಾಯ ಹೆಚ್ಚುತ್ತದೆ ಎಂಬ ಹುಡುಗನ ತರ್ಕ ಪೂರ್ತಿ ಸರಿ. ಆವರ್ತ ಕೋಷ್ಟಕದಲ್ಲಿ ಪಕ್ಕದ ಮನೆಯ ಮೆಗ್ನೀಸಿಯಂ ಅದನ್ನೇ ಮಾಡುತ್ತದೆ. ಅದರ ಮೊದಲ ಎಲೆಕ್ಟ್ರಾನಿಗೆ 738, ಎರಡನೆಯದಕ್ಕೆ 1451 ಕಿಲೋಜೂಲ್. ಮೆಗ್ನೀಸಿಯಂ ಕ್ಲೋರೈಡ್ ಹರಳಿನ ಆದಾಯ ಸುಮಾರು 2,500. ಉಳಿದ ಸಣ್ಣಪುಟ್ಟ ಜಮಾ-ಖರ್ಚು ಸೇರಿಸಿದರೆ 641 ಲಾಭ. ಒಂದೇ ಎಲೆಕ್ಟ್ರಾನ್ ಕೊಟ್ಟು ನಿಂತಿದ್ದರೆ ಸಿಗುವ ಲಾಭ ಇದಕ್ಕಿಂತ ಬಹಳ ಕಡಿಮೆ. ಹಾಗಾಗಿ ಮೆಗ್ನೀಸಿಯಂ ಎರಡನ್ನೂ ಬಿಡುತ್ತದೆ.

ಈಗ ಸೋಡಿಯಂ. ಮೊದಲನೆಯದಕ್ಕೆ 496. ಎರಡನೆಯದು ಒಳಕವಚದಲ್ಲಿದೆ, ಬೀಜಕೇಂದ್ರಕ್ಕೆ ಬಹಳ ಹತ್ತಿರ. ಅದರ ಬೆಲೆ 4562. ಎರಡೂ ಸೇರಿ ಐದು ಸಾವಿರ ದಾಟಿತು. ಹರಳು ಕೊಡುವುದು ಮೆಗ್ನೀಸಿಯಂ ಕ್ಲೋರೈಡಿನಷ್ಟೇ, ಎರಡೂವರೆ ಸಾವಿರದ ಆಸುಪಾಸು. ದಿವಾಳಿ. ಅಷ್ಟಕ ನಿಯಮ ಎಂದು ನಾವು ಬಾಯಿಪಾಠ ಮಾಡುವುದು ಈ ಬೆಲೆಪಟ್ಟಿಯ ನೆರಳು. ಎಂಟು ಎಂಬ ಅಂಕಿಯ ಮೇಲೆ ಪರಮಾಣುವಿಗೆ ಭಕ್ತಿಯೇನೂ ಇಲ್ಲ.

ಪರೀಕ್ಷೆಮುಖ್ಯ | ಮಂಗಳವಾರ, ರಾತ್ರಿ 10:52

ಸರಿ, ಸೋತೆ. ಆದರೂ ಒಂದು ಮಾತು. ಮಕ್ಕಳು ನೆನಪಿಟ್ಟುಕೊಳ್ಳಬೇಕಾದದ್ದು "ಲೋಹಕ್ಕೆ ಅಲೋಹ ಸೇರಿದರೆ ಅಯಾನಿಕ, ಅಲೋಹಕ್ಕೆ ಅಲೋಹ ಸೇರಿದರೆ ಸಹವೇಲೆನ್ಸೀಯ (ಎಲೆಕ್ಟ್ರಾನ್ ಹಂಚಿಕೊಳ್ಳುವ ಬಂಧ)" ಎಂಬ ಎರಡು ಸಾಲು. ಅದಾದರೂ ನಿಲ್ಲುತ್ತದೆಯೇ, ಅದನ್ನೂ ಕೆಡವುತ್ತೀರೋ?

ಮೂರನೇಮಹಡಿ | ಮಂಗಳವಾರ, ರಾತ್ರಿ 11:15

ಅರ್ಧ ಕೆಡವುತ್ತೇನೆ, ಕ್ಷಮಿಸಿ. ಟೈಟಾನಿಯಂ ಲೋಹ, ಕ್ಲೋರಿನ್ ಅಲೋಹ. ಎರಡೂ ಸೇರಿದ ಟೈಟಾನಿಯಂ ಟೆಟ್ರಾಕ್ಲೋರೈಡ್ ಉಪ್ಪಿನಂಥ ಹರಳಲ್ಲ, ನೀರಿನಂತೆ ತಿಳಿಯಾದ ದ್ರವ. 136 ಡಿಗ್ರಿಯಲ್ಲಿ ಕುದಿಯುತ್ತದೆ. ಅಡುಗೆ ಉಪ್ಪು ಕರಗಬೇಕಾದರೇ 801 ಡಿಗ್ರಿ ಬೇಕು. ಓದುವ ದಿನಗಳಲ್ಲಿ ಅದರ ಬಾಟಲಿಯ ಮುಚ್ಚಳವನ್ನು ಸರಿಯಾಗಿ ಹಾಕದೆ ಕೋಣೆಯ ತುಂಬ ಬಿಳಿ ಹೊಗೆ ಎಬ್ಬಿಸಿ ಬೈಸಿಕೊಂಡಿದ್ದೇನೆ. ಗಾಳಿಯ ತೇವ ಸಾಕು ಅದಕ್ಕೆ.

ಕಾರಣ ಮತ್ತೆ ಲೆಕ್ಕವೇ. ನಾಲ್ಕು ಎಲೆಕ್ಟ್ರಾನ್ ಕಿತ್ತುಕೊಡುವುದು ವಿಪರೀತ ದುಬಾರಿ. ಕಿತ್ತರೂ ಉಳಿಯುವ ಅಯಾನು ಚಿಕ್ಕದು, ಅದರ ಆವೇಶ ದೊಡ್ಡದು. ಪಕ್ಕದ ಕ್ಲೋರೈಡಿನ ಎಲೆಕ್ಟ್ರಾನ್ ಮೋಡವನ್ನು ತನ್ನ ಕಡೆಗೆ ಎಳೆದುಕೊಂಡುಬಿಡುತ್ತದೆ. ಕೊಟ್ಟದ್ದನ್ನು ಅರ್ಧ ವಾಪಸ್ ಕೇಳಿದ ಹಾಗೆ. ಆಗ ಅದು ಕೊಡು-ಕೊಳ್ಳುವಿಕೆಯಲ್ಲ, ಹಂಚಿಕೆ. ರಸಾಯನಶಾಸ್ತ್ರಜ್ಞ ಕಾಜಿಮೆರ್ಜ್ ಫಜಾನ್ಸ್ 1923ರಲ್ಲೇ ಇದನ್ನು ಹೇಳಿದ್ದ. ಅಲ್ಯೂಮಿನಿಯಂ ಕ್ಲೋರೈಡ್ ಕೂಡ ಇದೇ ಪೈಕಿ; ಬಿಸಿ ಮಾಡಿದರೆ 180 ಡಿಗ್ರಿಯ ಹೊತ್ತಿಗೇ ಆವಿಯಾಗಿ ಹೊರಟುಹೋಗುತ್ತದೆ.

ಕಲಾಯಿಮನೆ | ಬುಧವಾರ, ಬೆಳಗ್ಗೆ 9:00

ಉಳಿದ ಅರ್ಧವನ್ನು ನಾನು ಕೆಡವಬಹುದೇ? ನಮ್ಮ ಅಜ್ಜ ಊರೂರು ಸುತ್ತಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ತಿದಿ, ಇದ್ದಿಲು, ತವರ, ಒಂದು ಹಿಡಿ ನವಸಾಗರ. ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದೊಡನೆ ಮೂಗು ಉರಿಯುವ ಹೊಗೆ ಏಳುತ್ತಿತ್ತು, ಹತ್ತಿಯಿಂದ ಒರೆಸಿದರೆ ತಳ ಫಳಫಳ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಸಾರಜನಕ, ಜಲಜನಕ, ಕ್ಲೋರಿನ್. ಅದರಲ್ಲಿ ಲೋಹದ ಸುಳಿವೇ ಇಲ್ಲ. ಆದರೂ ಅದು ಉಪ್ಪಿನಂತೆ ಅಯಾನಿಕ, ನೀರಿನಲ್ಲಿ ಕರಗಿದರೆ ವಿದ್ಯುತ್ ಹರಿಸುತ್ತದೆ. ಬಿಸಿಗೆ ಅದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆಯುತ್ತದೆ. ಎರಡನೆಯದು ಪಾತ್ರೆಯ ಮೇಲಿನ ತಾಮ್ರದ ಆಕ್ಸೈಡನ್ನು ತಿಂದುಹಾಕುತ್ತದೆ. ಶುದ್ಧ ಲೋಹ ಕಾಣಿಸದೆ ತವರ ಹಿಡಿಯುವುದಿಲ್ಲ. ಅಜ್ಜನಿಗೆ ಅಯಾನು ಗೊತ್ತಿರಲಿಲ್ಲ, ನವಸಾಗರ ಕಡಿಮೆ ಬಿದ್ದರೆ ಕಲಾಯಿ ಸಿಪ್ಪೆ ಏಳುತ್ತದೆ ಎಂಬುದು ಗೊತ್ತಿತ್ತು.

ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆಹುಳಿ ಇಟ್ಟರೆ ಕಿಲುಬು ಬಿಡುವುದೂ ಇದೇ ಕಥೆಯ ಇನ್ನೊಂದು ತುದಿ. ಗಾಳಿ ಮತ್ತು ಹುಳಿ ಸೇರಿ ತಾಮ್ರವನ್ನು ಅಯಾನು ಮಾಡಿ ಸಾರಿಗೆ ಇಳಿಸುತ್ತವೆ.

ಹಳಿಪಕ್ಕ | ಬುಧವಾರ, ಮಧ್ಯಾಹ್ನ 12:40

ನಾನು ಹುಬ್ಬಳ್ಳಿ ಕಡೆ, ರೈಲು ಹಳಿ ಬೆಸೆಯುವ ತಂಡದಲ್ಲಿ ಹಲವು ವರ್ಷ ಇದ್ದವನು. ಥರ್ಮಿಟ್ ಬೆಸುಗೆ ನೋಡಿದವರಿಗೆ ಈ ಲಾಭ-ನಷ್ಟದ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿಣದ ಆಕ್ಸೈಡ್ ಪುಡಿ, ಅಲ್ಯೂಮಿನಿಯಂ ಪುಡಿ, ಮೂಸೆಯಲ್ಲಿ ತುಂಬಿ ಕಿಡಿ ತಾಗಿಸಿದರೆ ಅರ್ಧ ನಿಮಿಷದೊಳಗೆ ಕರಗಿದ ಕಬ್ಬಿಣ ಹಳಿಗಳ ನಡುವಿನ ಸಂದಿಗೆ ಇಳಿಯುತ್ತದೆ. ಹೊರಗಿನ ವಿದ್ಯುತ್ತಿಲ್ಲ, ಗ್ಯಾಸ್ ಬೇಕಾಗುವುದು ಹಳಿಯ ತುದಿಗಳನ್ನು ಮೊದಲೇ ಕಾಯಿಸಲು ಮಾತ್ರ. ಕಬ್ಬಿಣದ ಕೈಯಲ್ಲಿದ್ದ ಆಮ್ಲಜನಕವನ್ನು ಅಲ್ಯೂಮಿನಿಯಂ ಕಿತ್ತುಕೊಂಡದ್ದಕ್ಕೆ ಬಂದ ಶಾಖವೇ ಎಲ್ಲ. ನಮ್ಮ ಮೇಸ್ತ್ರಿ ಇದನ್ನು "ಆಸ್ತಿ ಜಗಳ" ಎನ್ನುತ್ತಿದ್ದರು.

ಮೂರನೇಮಹಡಿ | ಬುಧವಾರ, ಮಧ್ಯಾಹ್ನ 1:05

ಮೇಸ್ತ್ರಿಯ ಮಾತಿಗೆ ಅಂಕಿ ಕೊಡುತ್ತೇನೆ. ಅಲ್ಯೂಮಿನಿಯಂ ಆಕ್ಸೈಡ್ ಉಂಟಾದಾಗ ಮೋಲ್‌ಗೆ 1676 ಕಿಲೋಜೂಲ್ ಬರುತ್ತದೆ, ಕಬ್ಬಿಣದ ಆಕ್ಸೈಡನ್ನು ಒಡೆಯಲು 824 ಹೋಗುತ್ತದೆ. ವ್ಯತ್ಯಾಸ 852. ಅದೇ ನಿಮ್ಮ ಕರಗಿದ ಕಬ್ಬಿಣ.

ಚಿನಿವಾರ | ಬುಧವಾರ, ಸಂಜೆ 7:20

ನಮ್ಮ ಅಂಗಡಿಗೆ ದಿನಕ್ಕೆ ಒಬ್ಬರಾದರೂ ಕಪ್ಪಾದ ಕಾಲುಂಗುರ, ಗೆಜ್ಜೆ ಹಿಡಿದು ಬಂದು "ಇದು ಬೆಳ್ಳಿಯೇ ಹೌದೇ?" ಎಂದು ಜಗಳ ತೆಗೆಯುತ್ತಾರೆ. ಅದು ಬೆಳ್ಳಿಯಾದ್ದರಿಂದಲೇ ಕಪ್ಪಾಗಿದೆ. ಗಾಳಿಯಲ್ಲಿನ ಗಂಧಕದ ಅನಿಲಕ್ಕೆ ಬೆಳ್ಳಿ ಸಿಕ್ಕಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಮೊಟ್ಟೆ ತಿನ್ನಲು ಬೆಳ್ಳಿ ಚಮಚ ಬಳಸಿದರೆ ಕಪ್ಪಾಗುವುದೂ ಇದರಿಂದಲೇ.

ಮೊಬೈಲಿನಲ್ಲಿ ನೋಡಿ ಅನೇಕರು ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಮಾಡುತ್ತಾರೆ. ಬೆಳ್ಳಿ ಹಾಳೆಗೆ ತಾಗಿದ್ದರೆ ಗಂಧಕವನ್ನು ಅಲ್ಯೂಮಿನಿಯಂ ಬಿಡಿಸಿಕೊಂಡು ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ, ತೂಕ ಹೋಗುವುದಿಲ್ಲ, ಉಪಾಯ ನಿಜ. ಮೇಲೆ ಹೇಳಿದ ಆಸ್ತಿ ಜಗಳವೇ ಇದು, ಸದ್ದಿಲ್ಲದೆ ನಡೆಯುವುದು. ಆದರೆ ನಕಾಸಿ ಕೆಲಸದ ಹಳೆಯ ದೀಪ, ಕುಂಕುಮ ಭರಣಿಗಳಿಗೆ ದಯವಿಟ್ಟು ಮಾಡಬೇಡಿ. ಗೆರೆಗಳ ಆಳದಲ್ಲಿ ಬೇಕೆಂದೇ ಬಿಟ್ಟ ಕಪ್ಪು ಹೋಗಿ ಕೆತ್ತನೆ ಬೋಳಾಗಿ ಕಾಣುತ್ತದೆ. ಅಂಟುವಾಳದ ನೀರು, ಮೆತ್ತನೆಯ ಬ್ರಷ್ ಸಾಕು.

ಒಂದು ಅನುಮಾನ ನನಗೂ ಇದೆ. ಚಿನ್ನ ಏಕೆ ಯಾರ ಜೊತೆಗೂ ಸೇರುವುದಿಲ್ಲ?

ಮೂರನೇಮಹಡಿ | ಬುಧವಾರ, ರಾತ್ರಿ 9:55

ಲಾಭ ಸಾಲದು, ಅದಕ್ಕೆ. ಬೆಳ್ಳಿಯ ಸಲ್ಫೈಡಿನ ಲಾಭವೇ ಮೋಲ್‌ಗೆ 32 ಕಿಲೋಜೂಲ್‌ನಷ್ಟು ಕೃಶ. ಉಪ್ಪಿನ 411ರ ಮುಂದೆ ಅದು ಚಿಲ್ಲರೆ. ಅದಕ್ಕೇ ಅಲ್ಯೂಮಿನಿಯಂ ಅಷ್ಟು ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಚಿನ್ನದ ಎಲೆಕ್ಟ್ರಾನ್ ಕೀಳುವುದು ಬೆಳ್ಳಿಗಿಂತಲೂ ದುಬಾರಿ, ಮೊದಲನೆಯದಕ್ಕೇ 890.

ಆದರೆ ನಿಮಗೆ ಇಷ್ಟವಾಗುವ ಸಂಗತಿ ಒಂದಿದೆ. ಚಿನ್ನ ಕೊಡುವುದರಲ್ಲಿ ಜಿಪುಣ, ತೆಗೆದುಕೊಳ್ಳುವುದರಲ್ಲಿ ಅಲ್ಲ. ಒಂದು ಎಲೆಕ್ಟ್ರಾನ್ ಸಿಕ್ಕಿದರೆ 223 ಕಿಲೋಜೂಲ್ ಬಿಡುತ್ತದೆ. ಲೋಹಗಳಲ್ಲಿ ಇದು ಅಪರೂಪ. ಸೀಸಿಯಂ ಜೊತೆ ಸೇರಿದಾಗ ಚಿನ್ನವೇ ಅಲೋಹದ ಪಾತ್ರ ವಹಿಸಿ ಋಣ ಅಯಾನು ಆಗುತ್ತದೆ. ಆ ಸಂಯುಕ್ತದಲ್ಲಿ ಇರುವುದು ಎರಡು ಲೋಹಗಳು, ಸಂಯುಕ್ತಕ್ಕೆ ಮಾತ್ರ ಲೋಹದ ಗುಣವಿಲ್ಲ.

ಚಿನಿವಾರ | ಬುಧವಾರ, ರಾತ್ರಿ 10:10

ಮೂರು ತಲೆಮಾರಿನಿಂದ ಚಿನ್ನದ ಕೆಲಸ ನಮ್ಮದು. ಅದು ಅಲೋಹವೂ ಆಗಬಲ್ಲದು ಎಂದು ಇವತ್ತು ತಿಳಿಯಿತು. ಅಂಗಡಿಯಲ್ಲಿ ಹೇಳಿದರೆ ಗಿರಾಕಿ ಓಡಿಹೋಗುತ್ತಾನೆ.

ಉಪ್ಪಿನಗದ್ದೆ | ಗುರುವಾರ, ಬೆಳಗ್ಗೆ 7:45

ಉಪ್ಪಿನ ಮಾತು ಇಷ್ಟು ಬಂದಾಗ ಗೋಕರ್ಣದ ಕಡೆಯವನು ಸುಮ್ಮನಿರಲಾರೆ. ಸಾಣಿಕಟ್ಟೆಯ ಉಪ್ಪಿನಾಗರದ ಉಪ್ಪು ನಮ್ಮ ಮನೆಯ ಭರಣಿಯಲ್ಲಿ ಮಳೆಗಾಲ ಬಂತೆಂದರೆ ಕಣ್ಣೀರು ಹಾಕುತ್ತದೆ. ಅಂಗಡಿಯ ಪುಡಿ ಉಪ್ಪು ಅಷ್ಟು ಅಳುವುದಿಲ್ಲ. ಇದೂ ನಿಮ್ಮ ಲೋಹ, ಅಲೋಹಗಳ ಲೀಲೆಯೇ?

ಸೀಮೆಸುಣ್ಣ | ಗುರುವಾರ, ಬೆಳಗ್ಗೆ 8:30

ಹೌದು. ಸಮುದ್ರದ ನೀರಿನಲ್ಲಿ ಸೋಡಿಯಂ ಒಂದೇ ಇಲ್ಲ, ಮೆಗ್ನೀಸಿಯಂ ಕೂಡ ಸಾಕಷ್ಟಿದೆ. ಗದ್ದೆಯಲ್ಲಿ ಉಪ್ಪು ಹರಳಾಗುವಾಗ ಮೆಗ್ನೀಸಿಯಂ ಕ್ಲೋರೈಡ್ ಇರುವ ಕಹಿನೀರು ಸ್ವಲ್ಪ ಅಂಟಿಕೊಂಡು ಬರುತ್ತದೆ. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ಆರ್ದ್ರತೆ ಶೇ. 75 ದಾಟಿದ ಮೇಲಷ್ಟೇ ನೀರಾಗತೊಡಗುತ್ತದೆ. ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33 ಸಾಕು. ಅದರ ಅಯಾನು ಚಿಕ್ಕದು, ಆವೇಶ ಎರಡರಷ್ಟು, ನೀರನ್ನು ಕಂಡರೆ ಬಿಡುವುದಿಲ್ಲ. ಭರಣಿಯಲ್ಲಿ ಅಳುವುದು ಮೆಗ್ನೀಸಿಯಂ, ಹೆಸರು ಉಪ್ಪಿಗೆ. ಕರಾವಳಿಯ ಜೂನ್ ತಿಂಗಳಲ್ಲಿ ಶುದ್ಧ ಉಪ್ಪೂ ಅಳುತ್ತದೆ ಬಿಡಿ.

ಪರೀಕ್ಷೆಮುಖ್ಯ | ಗುರುವಾರ, ಸಂಜೆ 6:00

ನನ್ನ ಮಗಳು ಇದನ್ನೆಲ್ಲ ಓದಿ, ಸೋಡಿಯಂ ತಂದುಕೊಡು, ಮನೆಯಲ್ಲೇ ಉಪ್ಪು ಮಾಡೋಣ ಎನ್ನುತ್ತಿದ್ದಾಳೆ. ಎಲ್ಲಿ ಸಿಗುತ್ತದೆ?

ಸೀಮೆಸುಣ್ಣ | ಗುರುವಾರ, ಸಂಜೆ 6:04

ಬೇಡ. ದಯವಿಟ್ಟು ಬೇಡ. ನಾನಿದ್ದ ಒಂದು ಶಾಲೆಯಲ್ಲಿ, ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟಿದ್ದ ಹಳೆಯ ಸೋಡಿಯಂ ಚೂರನ್ನು ಯಾರೋ ಕಸವೆಂದು ಬಚ್ಚಲ ತೊಟ್ಟಿಗೆ ಎಸೆದರು. ತೊಟ್ಟಿ ಎರಡು ಹೋಳಾಯಿತು. ಪುಣ್ಯಕ್ಕೆ ಯಾರ ಕಣ್ಣಿಗೂ ಏನೂ ಆಗಲಿಲ್ಲ. ಕ್ಲೋರಿನ್ ಅಂತೂ ಮನೆಯೊಳಗೆ ಬರಲೇಬಾರದ ಅತಿಥಿ. ಮಗಳಿಗೆ ಚಿನಿವಾರರು ಹೇಳಿದ ಗೆಜ್ಜೆಯ ಪ್ರಯೋಗ ಮಾಡಿಸಿ. ಕೊಳೆತ ಮೊಟ್ಟೆಯ ಸಣ್ಣ ವಾಸನೆ ಬಂದರೆ ಗಂಧಕ ಹೊರಟಿತೆಂದು ಅರ್ಥ.

ಬೆಣ್ಣೆದೋಸೆ | ಶುಕ್ರವಾರ, ರಾತ್ರಿ 9:30

ಕೊನೆಯ ಪ್ರಶ್ನೆ ಎಂದು ಮಗ ಆಣೆ ಮಾಡಿದ್ದಾನೆ. "787 ಕೊಟ್ಟು ಕಟ್ಟಿದ ಹರಳು ಒಂದು ಲೋಟ ನೀರಿನಲ್ಲಿ ಸುಮ್ಮನೆ ಕರಗಿಹೋಗುತ್ತದೆ. ಒಡೆಯಲು ಅಷ್ಟೇ ಶಕ್ತಿ ಬೇಕಲ್ಲ, ಅದನ್ನು ಕೊಟ್ಟವರು ಯಾರು?"

ಸೀಮೆಸುಣ್ಣ | ಶನಿವಾರ, ಬೆಳಗ್ಗೆ 6:20

ನೀರು. ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆ ಸ್ವಲ್ಪ ಋಣ, ಜಲಜನಕದ ಕಡೆ ಸ್ವಲ್ಪ ಧನ. ಸೋಡಿಯಂ ಅಯಾನನ್ನು ಆಮ್ಲಜನಕದ ತುದಿಯಿಂದ, ಕ್ಲೋರೈಡನ್ನು ಜಲಜನಕದ ತುದಿಯಿಂದ ಸುತ್ತುವರಿಯುತ್ತದೆ. ಆ ಸುತ್ತುವರಿಯುವಿಕೆಯಲ್ಲಿ ಬರುವ ಶಕ್ತಿ ಸುಮಾರು 783. ಹೆಚ್ಚುಕಡಿಮೆ ಸರಿಸಮ. ಕೊರತೆ ನಾಲ್ಕು ಕಿಲೋಜೂಲ್ ಮಾತ್ರ, ಅದನ್ನು ಲೋಟದ ನೀರಿನ ಶಾಖದಿಂದಲೇ ಎತ್ತಿಕೊಳ್ಳುತ್ತದೆ. ಕಟ್ಟುಬಿಚ್ಚಿ ಚದುರುವ ಸ್ವಾತಂತ್ರ್ಯವೂ ಅಯಾನುಗಳನ್ನು ಹೊರಗೆ ತಳ್ಳುತ್ತದೆ. ಮೆಗ್ನೀಸಿಯಂ ಆಕ್ಸೈಡ್‌ನ ಹರಳಿನಲ್ಲಿ ಗಂಟು ಸುಮಾರು 3,800 ಕಿಲೋಜೂಲಿನದು, ಅದನ್ನು ಬಿಚ್ಚಲು ನೀರಿನ ಕೈಯಲ್ಲಿ ಆಗುವುದಿಲ್ಲ.

ಅಂದರೆ ಉಪ್ಪು ಕರಗುವಾಗ ನೀರು ಸ್ವಲ್ಪ ತಣ್ಣಗಾಗಬೇಕು. ಅಳೆದು ನೋಡಲು ಹೇಳಿ.

ಬೆಣ್ಣೆದೋಸೆ | ಶನಿವಾರ, ಮಧ್ಯಾಹ್ನ 12:15

ಅಳೆದೆವು. ಮೊದಲು ಜ್ವರದ ಥರ್ಮಾಮೀಟರ್ ಹಾಕಿ ಪೆಚ್ಚಾದೆವು, ಅದು 35 ಡಿಗ್ರಿಗಿಂತ ಕೆಳಗೆ ಏನೂ ತೋರಿಸುವುದಿಲ್ಲ. ಎದುರು ಮನೆಯವರು ಕೇಕ್ ಮಾಡಲು ಇಟ್ಟುಕೊಂಡಿದ್ದ ಥರ್ಮಾಮೀಟರ್ ತಂದೆವು. ಒಂದು ಲೋಟ ನೀರು, ಮೂರು ದೊಡ್ಡ ಚಮಚ ಉಪ್ಪು. 27ರಿಂದ 25ಕ್ಕೆ ಇಳಿಯಿತು. ಮಗ ಪುಸ್ತಕದ ಆ ಬಾಣದ ಚಿತ್ರದ ಪಕ್ಕದಲ್ಲಿ ಪೆನ್ಸಿಲಿನಿಂದ "ಸಾಲ: 375" ಎಂದು ಬರೆದಿಟ್ಟಿದ್ದಾನೆ. ಉಪ್ಪುನೀರನ್ನು ನಾನು ಚೆಲ್ಲಲಿಲ್ಲ, ಮಾವಿನಕಾಯಿ ನೆನೆಹಾಕಿದ್ದೇನೆ.